ಸದ್ಯಕ್ಕೊಂದು ಸ್ತೋತ್ರ

ಚಾರ್ಲ್ಸ್ ಡಿಕನ್ಸ್‌ನ 'ಎ ಕ್ರಿಸ್ಮಸ್ ಕ್ಯಾರೊಲ್' ಓದದವರಿಗೂ ಅದರ ಕತೆ ಗೊತ್ತಿರುತ್ತದೆ. ಜಿಪುಣ ಸ್ಕ್ರೂಜ್, ರಾತ್ರಿ ಬಂದುಹೋಗುವ ಭೂತಗಳು, ಬೆಳಗಾಗುವಷ್ಟರಲ್ಲಿ ಕರಗಿದ ಮನಸ್ಸು. ಸಿನಿಮಾಗಳಲ್ಲಿ, ಶಾಲೆಯ ನಾಟಕಗಳಲ್ಲಿ ಉಳಿದುಕೊಂಡಿರುವುದು ಇಷ್ಟೇ. ಆದರೆ ಕತೆಯ ನಡುಭಾಗದಲ್ಲಿ ಒಂದು ಪುಟವನ್ನೂ ತುಂಬದ ಸಣ್ಣ ಜಗಳವೊಂದಿದೆ. ಸ್ಕ್ರೂಜನ ಗುಮಾಸ್ತ ಬಾಬ್ ಕ್ರ್ಯಾಚಿಟ್‌ನ ಮನೆಯಲ್ಲಿ ಹಬ್ಬದೂಟ ಮುಗಿದಿದೆ. ಬಾಬ್ ಲೋಟ ಎತ್ತಿಕೊಂಡು, ಈ ಊಟಕ್ಕೆ ಕಾರಣನಾದ ಯಜಮಾನನ ಹೆಸರಿನಲ್ಲಿ ಕುಡಿಯೋಣ ಎನ್ನುತ್ತಾನೆ. ಹೆಂಡತಿಯ ಮುಖ ಕೆಂಪೇರುತ್ತದೆ. ಆ ಮನುಷ್ಯ ಎದುರಿಗೆ ಸಿಕ್ಕರೆ ಅವನಿಗೆ ಬೇರೆಯದೇ ಊಟ ಬಡಿಸುತ್ತಿದ್ದೆ ಎಂಬ ಧಾಟಿಯಲ್ಲಿ ಆಕೆ ಸಿಡುಕುತ್ತಾಳೆ. ಮಕ್ಕಳಿದ್ದಾರೆ, ಇವತ್ತು ಕ್ರಿಸ್ಮಸ್ ಎಂದು ಗಂಡ ಮೆಲ್ಲಗೆ ನೆನಪಿಸುತ್ತಾನೆ. ಕೊನೆಗೆ ಆಕೆ ಕುಡಿಯುತ್ತಾಳೆ. ಆದರೆ ಗಂಡನ ಸಲುವಾಗಿ ಮತ್ತು ಹಬ್ಬದ ಸಲುವಾಗಿ ಮಾತ್ರ, ಸ್ಕ್ರೂಜನ ಸಲುವಾಗಿ ಅಲ್ಲವೆಂದು ಬಾಯಿಬಿಟ್ಟು ಹೇಳಿಯೇ. ಮಕ್ಕಳೂ ಅರೆಮನಸ್ಸಿನಿಂದ ಕುಡಿಯುತ್ತಾರೆ. ಆ ಹೆಸರಿನ ನೆರಳು ಕೋಣೆಯಿಂದ ಸರಿಯಲು ಐದು ನಿಮಿಷ ಬೇಕಾಯಿತು ಎಂದು ಡಿಕನ್ಸ್ ಲೆಕ್ಕ ಕೊಡುತ್ತಾನೆ.

ಕೃತಜ್ಞತೆಯ ಬಗ್ಗೆ ಯೋಚಿಸುವಾಗಲೆಲ್ಲ ನನಗೆ ಈ ಐದು ನಿಮಿಷ ನೆನಪಾಗುತ್ತದೆ. ಬಾಬ್‌ನ ವಾರದ ಸಂಬಳ 15 ಶಿಲ್ಲಿಂಗ್. ಅದರಲ್ಲಿ ಆರು ಮಕ್ಕಳ ಸಂಸಾರ. ಬಾತುಕೋಳಿಯನ್ನು ಬೇಯಿಸಲು ಬೇಕರಿಯವನ ಒಲೆಗೆ ಒಯ್ಯಬೇಕು. ಪುಡಿಂಗ್ ಬೇಯುವುದು ಬಟ್ಟೆ ಕುದಿಸುವ ಹಂಡೆಯಲ್ಲಿ. ಅದು ಸರಿಯಾಗಿ ಬೆಂದಿದೆಯೋ ಇಲ್ಲವೋ, ಯಾರಾದರೂ ಹಿತ್ತಲಿನ ಗೋಡೆ ಹಾರಿ ಕದ್ದೊಯ್ದರೋ ಎಂಬ ಆತಂಕದಲ್ಲಿ ಆ ಹೆಂಗಸಿನ ಜೀವ ಬಾಯಿಗೆ ಬಂದಿರುತ್ತದೆ. ಹಬ್ಬದ ಸಂಭ್ರಮವೆಂದು ನಾವು ಓದಿಕೊಂಡು ಹೋಗುವ ಪುಟಗಳಲ್ಲಿ ನಿಜವಾಗಿ ತುಂಬಿರುವುದು ಅವಳ ದಿಗಿಲು. ಹಾಗಿದ್ದೂ ಅವಳ ಸ್ವಂತ ಹೆಸರೇನೆಂದು ಡಿಕನ್ಸ್ ಹೇಳುವುದಿಲ್ಲ. ಕತೆಯುದ್ದಕ್ಕೂ ಅವಳು ಮಿಸೆಸ್ ಕ್ರ್ಯಾಚಿಟ್ ಅಷ್ಟೇ.

ಡಿಕನ್ಸ್ ಕೂಡ ನೆಮ್ಮದಿಯಲ್ಲಿ ಕೂತು ಬರೆದ ಕತೆ ಇದಲ್ಲ. 1843ರ ಕೊನೆಯ ತಿಂಗಳುಗಳಲ್ಲಿ, ಆರು ವಾರಗಳಷ್ಟು ಅವಧಿಯಲ್ಲಿ ಬರೆದದ್ದು. ಆಗ ಪ್ರಕಟವಾಗುತ್ತಿದ್ದ ಅವನ ಧಾರಾವಾಹಿ ಕಾದಂಬರಿ ನಿರೀಕ್ಷಿಸಿದಷ್ಟು ಮಾರಾಟವಾಗುತ್ತಿರಲಿಲ್ಲ, ಐದನೆಯ ಮಗು ಹುಟ್ಟುವುದಿತ್ತು, ಕೈಯಲ್ಲಿ ಹಣವಿರಲಿಲ್ಲ. ಡಿಸೆಂಬರ್ 19ಕ್ಕೆ ಹೊರಬಂದ ಪುಸ್ತಕದ ಮೊದಲ 6000 ಪ್ರತಿಗಳು ಕ್ರಿಸ್ಮಸ್‌ನೊಳಗೆ ಖರ್ಚಾದವು. ಒಂದು ಪ್ರತಿಯ ಬೆಲೆ ಐದು ಶಿಲ್ಲಿಂಗ್, ಅಂದರೆ ಬಾಬ್ ಕ್ರ್ಯಾಚಿಟ್‌ನ ವಾರದ ಸಂಬಳದ ಮೂರನೇ ಒಂದು ಪಾಲು. ಅವನ ಕತೆಯನ್ನು ಅವನೇ ಕೊಂಡು ಓದುವಂತಿರಲಿಲ್ಲ.

ಮಿಸೆಸ್ ಕ್ರ್ಯಾಚಿಟ್ ಎತ್ತಿದ ತಕರಾರನ್ನು ಡಿಕನ್ಸ್ ಬಗೆಹರಿಸುವುದಿಲ್ಲ. ಅವನು ಯಜಮಾನನನ್ನು ಬದಲಾಯಿಸುತ್ತಾನೆ. ಸ್ಕ್ರೂಜ್ ಒಳ್ಳೆಯವನಾಗಿ ಸಂಬಳ ಹೆಚ್ಚಿಸಿದ ಮೇಲೆ ಅವನಿಗೆ ಕೃತಜ್ಞರಾಗಿರುವುದು ಸುಲಭ. ಯಜಮಾನ ಬದಲಾಗದಿದ್ದರೆ, ಭೂತಗಳು ಬರದಿದ್ದರೆ, ಆ ಮೇಜಿನ ಮುಂದೆ ಕೂತವರು ಯಾವುದಕ್ಕೆ, ಯಾರಿಗೆ, ಹೇಗೆ ಸ್ತೋತ್ರ ಹೇಳಬೇಕು? ಈ ಪ್ರಶ್ನೆಯನ್ನು ಕತೆ ಅಲ್ಲೇ ಬಿಟ್ಟು ಮುಂದೆ ಹೋಗುತ್ತದೆ.

'ಸ್ತೋತ್ರ' ಎಂದದ್ದು ಬೇಕೆಂದೇ. ನಾನು ಕರಾವಳಿಯ ಪ್ರಾಟೆಸ್ಟಂಟ್ ಮನೆತನದವಳು. ಮನೆಯಲ್ಲಿ ತುಳು, ಚರ್ಚಿನಲ್ಲಿ ಕನ್ನಡ. ನಮ್ಮ ಪ್ರಾರ್ಥನೆಗಳು ಸ್ತೋತ್ರದಿಂದ ಶುರುವಾಗಿ ಸ್ತೋತ್ರದಲ್ಲಿ ಮುಗಿಯುತ್ತವೆ. ಜ್ವರ ಬಿಟ್ಟರೆ ಸ್ತೋತ್ರ, ಮಗಳು ಪರೀಕ್ಷೆ ಪಾಸಾದರೆ ಸ್ತೋತ್ರ. ಅಪ್ಪ ಗಲ್ಫಿನ ಕೆಲಸ ಕಳೆದುಕೊಂಡು ಊರಿಗೆ ಮರಳಿದ ವರ್ಷದ ಡಿಸೆಂಬರಿನಲ್ಲಿಯೂ ಅಮ್ಮ ಎಂದಿನಂತೆ ನೆವ್ರಿ, ಗುಳಿಯೊ, ರೋಸ್ ಕುಕ್ಕಿ, ಚಕ್ಕುಲಿ ಮಾಡಿದರು. ನಮ್ಮ ಕಡೆ ಕ್ಯಾಥೊಲಿಕರು ಕುಸ್ವಾರ್ ಎಂದು ಕರೆಯುವ ಈ ತಿಂಡಿಗಳನ್ನು ತಟ್ಟೆಗಳಲ್ಲಿ ಜೋಡಿಸಿ ನೆರೆಹೊರೆಯ ಮನೆಗಳಿಗೆಲ್ಲ ಕಳಿಸಬೇಕು. ಅವರು ಅಷ್ಟಮಿಗೆ, ಚೌತಿಗೆ ಕಳಿಸಿದ್ದಕ್ಕೆ ಇದು ಮರಳಿ ಕೊಡುವುದು. ಹಣವಿಲ್ಲದ ವರ್ಷ ತಟ್ಟೆಗಳ ಸಂಖ್ಯೆ ಕಡಿಮೆಯಾಗುವುದಿಲ್ಲ. ಆ ತಿಂಗಳ ಒಂದು ಭಾನುವಾರ ಬೋಧಕರೊಬ್ಬರು ಪ್ರಸಂಗದಲ್ಲಿ, ಗೊಣಗುವ ಬಾಯಿರುವ ಮನೆಗೆ ಆಶೀರ್ವಾದ ಬರುವುದಿಲ್ಲ, ಸ್ತೋತ್ರ ಮಾಡುವುದನ್ನು ಕಲಿಯಿರಿ ಎಂದರು. ಅಮ್ಮ ಮನೆಗೆ ಬಂದು ಎಣ್ಣೆ ಬಾಣಲೆಯ ಮುಂದೆ ಕೂತು ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ: "ಸ್ತೋತ್ರ ನಾನು ಮಾಡ್ತೇನೆ. ಸೊಂಟ ನೋವಾಗ್ತದೆ ಅಂತಲೂ ಹೇಳ್ತೇನೆ. ಎರಡನ್ನೂ ಕೇಳ್ಲಿಕ್ಕೆ ದೇವರಿಗೆ ಕಿವಿ ಉಂಟಲ್ಲ."

ಪ್ರಸಂಗದ ಆ ಮಾತು ನಮ್ಮ ಚರ್ಚಿನದು ಮಾತ್ರವಲ್ಲ. ದಿನಕ್ಕೆ ಐದು ಸಂಗತಿಗಳಿಗೆ ಕೃತಜ್ಞತೆ ಬರೆದಿಡಿ, ಒತ್ತಡ ಇಳಿಯುತ್ತದೆ ಎಂಬ ಸಲಹೆಯನ್ನು ಈಗ ಮೊಬೈಲಿನ ಆ್ಯಪ್‌ಗಳೂ ಕೊಡುತ್ತವೆ. ವಿಶ್ವವಿದ್ಯಾಲಯದಲ್ಲಿ ಅದಕ್ಕೆ ಇನ್ನೊಂದು ರೂಪವಿದೆ. ಪಿಎಚ್.ಡಿ. ಪ್ರಬಂಧದ ಮೊದಲಲ್ಲಿ 'ಕೃತಜ್ಞತೆಗಳು' ಎಂಬ ಪುಟ. ಅಲ್ಲಿ ನೆರವಾದವರ ಜೊತೆಗೆ ಕಾಟ ಕೊಟ್ಟವರ ಹೆಸರೂ ಪದವಿಯ ಕ್ರಮದಲ್ಲಿ ಬರಬೇಕು. ಆ ಪುಟವನ್ನು ಓದಿದರೆ ಯಾವ ಸಂಶೋಧಕನಿಗೂ ಯಾವ ತೊಂದರೆಯೂ ಆಗಿಲ್ಲವೆಂದೇ ಅನ್ನಿಸುತ್ತದೆ. ಬಾಬ್ ಕ್ರ್ಯಾಚಿಟ್ ಎತ್ತಿದ ಲೋಟವೇ ಅದು.

ಹಾಗಾದರೆ ಕೃತಜ್ಞತೆ ಎಂದರೆ ದೂರನ್ನು ನುಂಗಿಕೊಳ್ಳುವುದೇ? ಕ್ರೈಸ್ತ ಪರಂಪರೆಯ ಬರಹವೇ ಇದಕ್ಕೆ ಏನನ್ನುತ್ತದೆ ಎಂದು ನೋಡಬೇಕು. ಸಾಮಾನ್ಯವಾಗಿ ಉದಾಹರಿಸುವ ಹೆಸರು ಮಾರ್ಟಿನ್ ರಿಂಕಾರ್ಟ್‌ನದು. ಜರ್ಮನಿಯ ಐಲೆನ್‌ಬುರ್ಗ್ ಪಟ್ಟಣದ ಪಾದ್ರಿ. ಮೂವತ್ತು ವರ್ಷಗಳ ಯುದ್ಧದ ನಿರಾಶ್ರಿತರಿಂದ ಕಿಕ್ಕಿರಿದಿದ್ದ ಆ ಪಟ್ಟಣಕ್ಕೆ 1637ರಲ್ಲಿ ಪ್ಲೇಗ್ ಬಡಿಯಿತು. ಉಳಿದ ಪಾದ್ರಿಗಳು ಸತ್ತೋ ಊರು ಬಿಟ್ಟೋ ಹೋದ ಮೇಲೆ ರಿಂಕಾರ್ಟ್ ಒಬ್ಬನೇ 4000ಕ್ಕೂ ಹೆಚ್ಚು ಜನರ ಶವಸಂಸ್ಕಾರ ನಡೆಸಿದ. ಅವರಲ್ಲಿ ಅವನ ಹೆಂಡತಿಯೂ ಒಬ್ಬಳು. ದೇವರಿಗೆ ಎಲ್ಲರೂ ಕೃತಜ್ಞತೆ ಹೇಳೋಣ ಎಂದು ಕರೆಯುವ, ಇವತ್ತಿಗೂ ಲೋಕದ ಚರ್ಚುಗಳಲ್ಲಿ ಹಾಡುವ 'ನುನ್ ಡಾಂಕೆಟ್ ಆಲೆ ಗಾಟ್' ಎಂಬ ಕೀರ್ತನೆ ಅವನದು. ಹೆಣಗಳ ನಡುವೆ ನಿಂತು ಸ್ತೋತ್ರ ಬರೆದವನು ಎಂದು ಪ್ರಸಂಗಗಳಲ್ಲಿ ಅವನನ್ನು ಕೊಂಡಾಡುತ್ತಾರೆ.

ವಿದ್ವಾಂಸರ ಅಭಿಪ್ರಾಯ ಇದಕ್ಕಿಂತ ಸಪ್ಪೆಯಾಗಿದೆ. ಅದು ಪ್ಲೇಗಿಗೆ ಮೊದಲೇ, ಮನೆಮಂದಿ ಊಟಕ್ಕೆ ಕೂತಾಗ ಹೇಳುವ ಸಣ್ಣ ಪ್ರಾರ್ಥನೆಯಾಗಿ ಹುಟ್ಟಿದ್ದಿರಬೇಕು ಎನ್ನುತ್ತಾರೆ. ಜನರಿಗೆ ಈ ಸಪ್ಪೆ ಸತ್ಯ ಹಿಡಿಸಲಿಲ್ಲ. ಸ್ತೋತ್ರ ನೋವಿನಿಂದಲೇ ಹುಟ್ಟಿರಬೇಕು, ಆಗಲೇ ಅದು ನಿಜ ಎಂಬ ಹಟ ನಮಗಿದೆ. ಆ ಹಟದ ಹಿಂದೆ ಒಂದು ಅಪಾಯವೂ ಇದೆ. ಹೆಂಡತಿಯನ್ನು ಮಣ್ಣು ಮಾಡಿದವನೇ ಸ್ತೋತ್ರ ಹೇಳಿದ, ನಿಮ್ಮದೇನು ಕಷ್ಟ ಎಂದು ಕೇಳಲು ಅದು ಅನುವು ಮಾಡಿಕೊಡುತ್ತದೆ. ಇದೇ ಕೀರ್ತನೆಯನ್ನು 1757ರ ಡಿಸೆಂಬರಿನಲ್ಲಿ ಲಾಯ್ಟನ್ ಕದನ ಗೆದ್ದ ಪ್ರಷ್ಯಾದ ಸೈನಿಕರು ಕತ್ತಲಲ್ಲಿ ಹಾಡಿದರೆಂದು ಪ್ರತೀತಿ. ಗೆದ್ದವರು ದೇವರಿಗೆ ಕೃತಜ್ಞತೆ ಹೇಳುವಾಗ ಸೋತವರ ಹೆಣಗಳೂ ಅಲ್ಲೇ ಬಿದ್ದಿರುತ್ತವೆ. ಊಟದ ಮೇಜಿನ ಪ್ರಾರ್ಥನೆಯೇ ನನಗೆ ಇವೆರಡಕ್ಕಿಂತ ಹೆಚ್ಚು ನಂಬಿಕೆಗೆ ಅರ್ಹವಾಗಿ ಕಾಣುತ್ತದೆ. ಮಕ್ಕಳಿಗೆ ದಿನವೂ ಹೇಳಿಕೊಟ್ಟ ಮಾತು ಪ್ಲೇಗಿನ ದಿನಗಳಲ್ಲೂ ಬಾಯಲ್ಲಿ ಉಳಿದಿತ್ತು ಎಂಬುದು ದಂತಕತೆಗಿಂತ ಸಣ್ಣ ಸಂಗತಿ. ಆದರೆ ಬದುಕುವವರಿಗೆ ಒದಗುವುದು ಅದೇ.

ಬೈಬಲ್ಲಿನ ಒಳಗೂ ವಿಷಯ ನೇರವಾಗಿಲ್ಲ. ಪೌಲ ಥೆಸಲೊನೀಕದವರಿಗೆ ಬರೆದ ಮೊದಲ ಪತ್ರದಲ್ಲಿ ಕೃತಜ್ಞತೆ ಸಲ್ಲಿಸಬೇಕಾದದ್ದು ಎಲ್ಲದರಲ್ಲಿ, ಎಲ್ಲದಕ್ಕಾಗಿ ಅಲ್ಲ ಎಂದು ಹಲವರು ಗ್ರೀಕ್ ವಿಭಕ್ತಿಯನ್ನು ತೋರಿಸಿ ಸಮಾಧಾನ ಹೇಳುತ್ತಾರೆ. ಮಾತು ಚೆನ್ನಾಗಿದೆ. ಆದರೆ ಎಫೆಸದವರಿಗೆ ಬರೆದ ಪತ್ರದಲ್ಲಿ 'ಎಲ್ಲಕ್ಕಾಗಿ' ಎಂಬ ಅರ್ಥವೂ ಇದೆ. ವಿಭಕ್ತಿಯೊಂದರಿಂದ ಜಗಳ ತೀರುವುದಿಲ್ಲ. ಹೆಚ್ಚು ನೆರವಾಗುವುದು ಕನ್ನಡ ಬೈಬಲ್ಲಿನಲ್ಲಿ 'ಕೀರ್ತನೆಗಳು' ಎಂಬ ಹೆಸರಿನಲ್ಲಿರುವ ಪುಸ್ತಕ. ಹೀಬ್ರೂವಿನಲ್ಲೂ ಅದರ ಹೆಸರಿಗೆ ಸ್ತುತಿಗಳು ಎಂದೇ ಅರ್ಥ. ಒಳಗೆ ಹೋದರೆ ಅಲ್ಲಿರುವ 150ರಲ್ಲಿ ದೊಡ್ಡ ಗುಂಪು ದೂರಿನ ಹಾಡುಗಳದು: ಎಷ್ಟು ದಿನ ಕಾಯಲಿ, ಯಾಕೆ ಮುಖ ತಿರುಗಿಸಿದೆ ಎಂಬ ಮೊರೆ. ಅವುಗಳಲ್ಲಿ ಹೆಚ್ಚಿನವು ಕೊನೆಯಲ್ಲಿ ಸ್ತುತಿಗೆ ತಿರುಗುತ್ತವೆ. 88ನೆಯದು ಮಾತ್ರ ತಿರುಗುವುದೇ ಇಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಅದನ್ನೂ ಸ್ತುತಿಗಳ ಪುಸ್ತಕದಿಂದ ಯಾರೂ ತೆಗೆದುಹಾಕಲಿಲ್ಲ.

ಬೈಬಲನ್ನು ಕನ್ನಡಕ್ಕೆ ತಂದವರು ಈ ಪುಸ್ತಕಕ್ಕೆ ದಾಸರ ಹಾಡಿನ ಹೆಸರನ್ನೇ ಇಟ್ಟರು. ದಾಸರ ಕೀರ್ತನೆಗಳಲ್ಲಿ ನಿಂದಾಸ್ತುತಿ ಎಂಬ ದಾರಿಯೇ ಇದೆ. ದೇವರನ್ನು ಬೈಯುವುದು, ಹಂಗಿಸುವುದು, ಲೆಕ್ಕ ಕೇಳುವುದು ಅಲ್ಲಿ ಭಕ್ತಿಯ ಹೊರಗಿನದಲ್ಲ. ಹಾಗೆ ಕೇಳಬಲ್ಲ ಸಲಿಗೆಯೇ ಭಕ್ತಿ. ಕೀರ್ತನೆ ಎಂಬ ಮಾತನ್ನು ಕೇಳುತ್ತ ಬೆಳೆದವರಿಗೆ ದೂರೂ ಸ್ತೋತ್ರವೂ ಒಂದೇ ಬಾಯಿಂದ ಬರುವುದು ವಿಚಿತ್ರವಾಗಬೇಕಿಲ್ಲ. ಮಿಸೆಸ್ ಕ್ರ್ಯಾಚಿಟ್ ಆ ದಿನ ಮೇಜಿನ ಮುಂದೆ ಮಾಡಿದ್ದು ಸಂಭ್ರಮಭಂಗವಲ್ಲ. ಆ ಊಟದಲ್ಲಿ ನಡೆದ ಪ್ರಾರ್ಥನೆಗಳಲ್ಲಿ ಅತ್ಯಂತ ಪ್ರಾಮಾಣಿಕವಾದದ್ದು ಅದೇ.

ಡಿಕನ್ಸ್ ಬಿಟ್ಟುಹೋದ ಪ್ರಶ್ನೆಯನ್ನು ನೇರವಾಗಿ ಎದುರಿಸಿದ ಕೃತಿಯೊಂದು ಅವನಿಗಿಂತ ಸುಮಾರು ನೂರು ವರ್ಷಗಳ ನಂತರ ಬಂತು. ಡಬ್ಲ್ಯೂ.ಎಚ್. ಆಡೆನ್‌ನ 'ಫಾರ್ ದಿ ಟೈಮ್ ಬೀಯಿಂಗ್'. ಉಪಶೀರ್ಷಿಕೆಯ ಪ್ರಕಾರ ಅದೊಂದು ಕ್ರಿಸ್ಮಸ್ ಓರಟೋರಿಯೊ, ಅಂದರೆ ವೇಷ, ರಂಗಸಜ್ಜಿಕೆಗಳಿಲ್ಲದೆ ಹಾಡಲೆಂದು ಬರೆದ ಧಾರ್ಮಿಕ ಕಥನ. ಸಂಗೀತ ಸಂಯೋಜಕ ಬೆಂಜಮಿನ್ ಬ್ರಿಟನ್‌ಗಾಗಿ ಬರೆದದ್ದು. ಪಠ್ಯ ತೀರಾ ಉದ್ದವಾಗಿ ಅವನು ಅದಕ್ಕೆ ಪೂರ್ತಿಯಾಗಿ ಸಂಗೀತ ಹಾಕಲಿಲ್ಲ. 1944ರಲ್ಲಿ ಅದು ಪುಸ್ತಕದ ಭಾಗವಾಗಿ ಪ್ರಕಟವಾಯಿತು. ಬರೆಯುವ ಹೊತ್ತಿಗೆ ಆಡೆನ್‌ನ ಬದುಕು ಎಲ್ಲ ಕಡೆಯಿಂದಲೂ ಕುಸಿದಿತ್ತು. 1939ರಲ್ಲಿ ಇಂಗ್ಲೆಂಡ್ ಬಿಟ್ಟು ಅಮೆರಿಕಕ್ಕೆ ಹೋದ ಅವನನ್ನು ಯುದ್ಧಕಾಲದ ಇಂಗ್ಲೆಂಡಿನಲ್ಲಿ ಹಲವರು ಓಡಿಹೋದವನೆಂದು ಹಳಿಯುತ್ತಿದ್ದರು. 1940ರಲ್ಲಿ ಅವನು ಎಳೆತನದ ಕ್ರೈಸ್ತ ನಂಬಿಕೆಗೆ ಮರಳಿದ. 1941ರ ಬೇಸಗೆಯಲ್ಲಿ, ತಾನು ಸಂಗಾತಿಯೆಂದು ಬಗೆದಿದ್ದ ಚೆಸ್ಟರ್ ಕಾಲ್‌ಮನ್ ಬೇರೊಬ್ಬನೊಡನೆ ಸಂಬಂಧ ಇಟ್ಟುಕೊಂಡದ್ದು ತಿಳಿಯಿತು. ಆಗಸ್ಟಿನಲ್ಲಿ ತಾಯಿ ತೀರಿಕೊಂಡರು. ನಂಬಿಕೆಯ ಪಾಠ ಅವನಿಗೆ ಮೊದಲು ಸಿಕ್ಕಿದ್ದು ಆಕೆಯಿಂದ. ಕೃತಿ ಅರ್ಪಿತವಾಗಿರುವುದೂ ಆಕೆಯ ನೆನಪಿಗೆ. ಆ ಡಿಸೆಂಬರಿನಲ್ಲಿ ಅಮೆರಿಕವೂ ಯುದ್ಧಕ್ಕೆ ಇಳಿಯಿತು.

ಕೃತಿಯಲ್ಲಿ ಬೆತ್ಲೆಹೇಮಿನ ಕತೆ ಇಪ್ಪತ್ತನೆಯ ಶತಮಾನದ ನಗರದಲ್ಲಿ ನಡೆಯುತ್ತದೆ. ಜೋಸೆಫ್ ಮದ್ಯದಂಗಡಿಯಲ್ಲಿ ಕೂತು ಕಾಯುತ್ತಿದ್ದಾನೆ. ಮೇರಿಯ ಬಗ್ಗೆ ಪಿಸುಮಾತುಗಳು ಕಿವಿಗೆ ಬೀಳುತ್ತಿವೆ. ಒಂದೇ ಒಂದು ಪುರಾವೆ ಕೊಡು ಎಂದು ಅವನು ದೇವದೂತನನ್ನು ಕೇಳುತ್ತಾನೆ, ಸಿಗುವುದಿಲ್ಲ. ಈ ಜೋಸೆಫ್‌ನಲ್ಲಿ ವಿಮರ್ಶಕರು ಆಡೆನ್‌ನನ್ನೇ ಕಂಡಿರುವುದು ಸಹಜ. ಆದರೆ ನನ್ನ ಓದು ನಿಲ್ಲುವುದು ಹೆರೋದನ ಬಳಿ.

ಎಳೆಗೂಸುಗಳ ಹತ್ಯೆಗೆ ಆಜ್ಞೆ ಕೊಡುವ ಮೊದಲು ಹೆರೋದ ಗದ್ಯದಲ್ಲಿ ಒಂದು ದೀರ್ಘ ಸ್ವಗತ ಆಡುತ್ತಾನೆ. ಅದು ಶುರುವಾಗುವುದು ಕೃತಜ್ಞತೆಯಿಂದ. ತಾನು ನಿರ್ಧಾರ ಮಾಡಬೇಕಾಗಿರುವುದರಿಂದ, ತನ್ನನ್ನು ತಾನಾಗಿಸಿದವರನ್ನು ಮೊದಲು ಗೌರವಿಸುತ್ತೇನೆ ಎಂಬ ಪೀಠಿಕೆ ಹಾಕಿ ಪಟ್ಟಿ ಓದುತ್ತಾನೆ. ಅದೃಷ್ಟಕ್ಕೆ, ಚೆಂದದ ಮೂಗು ಕೊಟ್ಟ ತಾಯಿಗೆ, ಕುಡಿದು ಸತ್ತು ಭೋಗವಾದ ಸುಳ್ಳೆಂದು ತೋರಿಸಿಕೊಟ್ಟ ತಮ್ಮನಿಗೆ, ರೇಖಾಗಣಿತ ಕಲಿಸಿದ ಮೇಷ್ಟರಿಗೆ, ತನ್ನ ಭಾಷಣ ಯಾರಿಗೂ ಕೇಳಿಸುವುದಿಲ್ಲವೆಂದು ಒಪ್ಪಿಕೊಂಡ ಕಾರ್ಯದರ್ಶಿಗೆ. ಓದುವಾಗ ನಗು ಬರುತ್ತದೆ. ಇದು ರೋಮನ್ ಚಕ್ರವರ್ತಿ ಮಾರ್ಕಸ್ ಔರೇಲಿಯಸ್‌ನ 'ಚಿಂತನೆಗಳು' ಗ್ರಂಥದ ಅಣಕ. ಆ ಗ್ರಂಥದ ಮೊದಲ ಭಾಗ ಇಡಿಯಾಗಿ ಇಂಥದೇ ಪಟ್ಟಿ: ಅಜ್ಜನಿಂದ ಏನು ಕಲಿತೆ, ತಾಯಿಯಿಂದ ಏನು, ಗುರುಗಳಿಂದ ಏನು ಎಂದು. ಆಮೇಲೆ ಹೆರೋದ ತನ್ನ ಆಡಳಿತದ ಸಾಧನೆ ಹೇಳುತ್ತಾನೆ. ಉದ್ಯಾನದ ಬೆಂಚುಗಳನ್ನು ಈಗ ಯಾರೂ ಕದಿಯುವುದಿಲ್ಲ, ತಿಂಡಿಯ ಬೆಲೆ ಎಟಕುವಂತಿದೆ. ಈ ಸುವ್ಯವಸ್ಥೆಯ ನಡುವೆ ದೇವರು ಕೂಸಾಗಿ ಹುಟ್ಟಿದನೆಂಬ ವದಂತಿ ಬಂದಿದೆ. ಅದು ನಿಜವಾದರೆ ವಿವೇಕ ಕೆಡುತ್ತದೆ, ನ್ಯಾಯದ ಜಾಗವನ್ನು ಕನಿಕರ ಆಕ್ರಮಿಸುತ್ತದೆ. ಆದ್ದರಿಂದ ಸೈನಿಕರನ್ನು ಕಳಿಸಲೇಬೇಕು. ತಾನು ಎಲ್ಲರ ಒಳಿತನ್ನೇ ಬಯಸಿದವನು ಎಂದು ಗೋಳಾಡುತ್ತಲೇ ಕಳಿಸುತ್ತಾನೆ.

ಕೃತಿಯಲ್ಲಿ ಅತ್ಯಂತ ಅಚ್ಚುಕಟ್ಟಾದ ಕೃತಜ್ಞತೆಯ ಪಟ್ಟಿ ಸಿಕ್ಕಿರುವುದು ಶಿಶುಹತ್ಯೆ ಮಾಡಿಸುವವನ ಬಾಯಿಗೆ. ಇದನ್ನು ವಿಡಂಬನೆ ಎಂದಷ್ಟೇ ಓದಿದರೆ ಸಾಲದು. ಹೆರೋದನ ಕೃತಜ್ಞತೆ ಸುಳ್ಳಲ್ಲ. ಅವನು ಕಪಟಿಯಲ್ಲ, ಒಳ್ಳೆಯ ಆಡಳಿತಗಾರ. ದೋಷವಿರುವುದು ಪಟ್ಟಿಯ ಸ್ವಭಾವದಲ್ಲಿ. ಅದರಲ್ಲಿರುವವರೆಲ್ಲ ಅವನಿಗೆ ಏನನ್ನೋ ಕೊಟ್ಟು ಸರಿದುಹೋದವರು. ಸತ್ತ ತಮ್ಮನೂ ಒಂದು ಪಾಠವಾಗಿ ಜಮೆಯಾಗಿದ್ದಾನೆ. ಕೂಸುಗಳಂತೆ ಇನ್ನೂ ಏನನ್ನೂ ಕೊಡದವರಿಗೆ, ಕೇಳಲು ಮಾತ್ರ ಬಂದವರಿಗೆ ಅಲ್ಲಿ ಜಾಗವಿಲ್ಲ. ಪಟ್ಟಿ ಓದಿ ಮುಗಿಸಿದ ಮೇಲೆ ಅವನಿಗೆ ಯಾರ ಋಣವೂ ಉಳಿಯುವುದಿಲ್ಲ. ಮನಸ್ಸು ಹಗುರಾಗಿ ಕೈ ಕೆಲಸಕ್ಕೆ ಸಿದ್ಧವಾಗುತ್ತದೆ. ಒತ್ತಡ ಇಳಿಸುವ ಕೃತಜ್ಞತೆಯ ಬಗ್ಗೆ ಇದಕ್ಕಿಂತ ಕಟುವಾದ ವಿಮರ್ಶೆಯನ್ನು ನಾನು ಓದಿಲ್ಲ.

ಇದರ ಪಕ್ಕದಲ್ಲಿಟ್ಟು ಓದಬೇಕಾದ ಇನ್ನೊಂದು ಬರಹವಿದೆ. ಕೃತಿಯನ್ನು ಬರೆಯುತ್ತಿದ್ದ ಕಾಲದಲ್ಲೇ, 1941ರ ಕ್ರಿಸ್ಮಸ್ ದಿನ, ಆಡೆನ್ ಕಾಲ್‌ಮನ್‌ಗೆ ಬರೆದ ಪತ್ರ. ಅವನ ಜೀವನವನ್ನು ಬರೆದವರು ಅದನ್ನು ಮರೆಯದೆ ಉಲ್ಲೇಖಿಸುತ್ತಾರೆ. ಅದರ ಕಟ್ಟಡವೂ ಪಟ್ಟಿಯದೇ. ಪ್ರತಿ ವಾಕ್ಯವೂ 'ಏಕೆಂದರೆ' ಎಂಬಂಥ ಕಾರಣದಿಂದ ಶುರುವಾಗುತ್ತದೆ. ಕಾರಣ ಹೇಳಿದ ಮೇಲೆ, ಈ ಬೆಳಗ್ಗೆ ಬೆತ್ಲೆಹೇಮಿನ ಕತೆಯ ಒಬ್ಬೊಬ್ಬರನ್ನು ನೆನೆಯುವಾಗಲೂ ನೀನೇ ನೆನಪಾಗುತ್ತೀಯೆ ಎಂದು ಮುಗಿಯುತ್ತದೆ. ಆದರೆ ಇಲ್ಲಿರುವ ಕಾರಣಗಳು ಹೆರೋದನ ಕಾರಣಗಳಂಥವಲ್ಲ. ಹೊಟ್ಟೆಕಿಚ್ಚಿನಲ್ಲಿ ಬೆಂದದ್ದಕ್ಕೆ ಜೋಸೆಫ್ ನೆನಪಾಗುತ್ತಾನೆ. ಇಬ್ಬರೂ ತಾಯಿಯನ್ನು ಕಳೆದುಕೊಂಡದ್ದಕ್ಕೆ ಮೇರಿ. ನಿನ್ನಿಂದಾಗಿ ನಾನು ಮನಸ್ಸಿನಲ್ಲಿ, ಹೆಚ್ಚುಕಡಿಮೆ ಕೃತಿಯಲ್ಲೂ, ಕೊಲೆಗಾರನಾಗಿದ್ದೆ ಎಂಬ ಮಾತಿಗೆ ಹೆರೋದ.

ಅಂದರೆ ಹೆರೋದನ ಮುಖವಾಡದ ಹಿಂದೆಯೂ ಆಡೆನ್ ತನ್ನನ್ನೇ ಕಂಡಿದ್ದ. ಪತ್ರದ ಪಟ್ಟಿ ಋಣ ತೀರಿಸುವುದಿಲ್ಲ. ನೋವನ್ನು ಪಾಠವಾಗಿ ಪಳಗಿಸುವುದೂ ಇಲ್ಲ. ಗಾಯವನ್ನು ಗಾಯವೆಂದೇ ಕರೆದು, ಅದನ್ನು ಮಾಡಿದವನ ಜೊತೆಗಿನ ನಂಟನ್ನು ಕಡಿದುಕೊಳ್ಳದೆ, ಇದರ ಮೂಲಕವೇ ದೇವರು ನನಗೆ ಕಂಡ ಎನ್ನುತ್ತದೆ. ಈ ಪತ್ರವನ್ನು ಇನ್ನೊಂದು ಬಗೆಯಲ್ಲೂ ಓದಬಹುದು. ಇಪ್ಪತ್ತರ ಹರೆಯದ ಕಾಲ್‌ಮನ್‌ನ ಮೇಲೆ ಇಷ್ಟು ಭಾರ ಹೊರಿಸುವುದು, ಅವನನ್ನು ತನ್ನ ಮುಕ್ತಿಯ ದಾರಿಯಾಗಿ ಮಾಡಿಕೊಳ್ಳುವುದು ಅವನಿಗೆ ನ್ಯಾಯವೇ? ಕೃತಜ್ಞತೆಯೂ ಎದುರಿನವನನ್ನು ಕಟ್ಟಿಹಾಕಬಲ್ಲದು. ಆ ಅನುಮಾನ ನನಗೆ ಉಳಿದಿದೆ. ಆದರೂ ಎರಡು ಪಟ್ಟಿಗಳ ನಡುವಿನ ವ್ಯತ್ಯಾಸ ಮುಖ್ಯ. ಒಂದು ತನ್ನ ಬಗ್ಗೆ ಸಮಾಧಾನ ಪಡುತ್ತದೆ. ಇನ್ನೊಂದು ದೂರು ಹೇಳುತ್ತಲೇ ಇನ್ನೊಬ್ಬನ ಕಡೆಗೆ ಮುಖ ಮಾಡಿ ನಿಲ್ಲುತ್ತದೆ.

ಕೃತಿಯ ಕೊನೆಯಲ್ಲಿ ನಿರೂಪಕ ಬರುತ್ತಾನೆ. ಹಬ್ಬ ಮುಗಿದಿದೆ. ಮರವನ್ನು ಬಿಚ್ಚಬೇಕು, ಅಲಂಕಾರದ ಸಾಮಾನನ್ನು ಪೆಟ್ಟಿಗೆಗಳಿಗೆ ತುಂಬಿ ಅಟ್ಟಕ್ಕೆ ಏರಿಸಬೇಕು, ಅದರಲ್ಲಿ ಒಂದಷ್ಟು ಒಡೆದುಹೋಗಿವೆ. ಮಿಕ್ಕ ಅಡುಗೆ ವಾರವಿಡೀ ಸಾಲುವಷ್ಟಿದೆ, ತಿನ್ನುವ ಆಸೆ ಇಲ್ಲ. ನಂಟರನ್ನೆಲ್ಲ ಪ್ರೀತಿಸಲು ಮಾಡಿದ ಪ್ರಯತ್ನ ಎಂದಿನಂತೆ ಕೈಗೂಡಿಲ್ಲ. ತೊಟ್ಟಿಲ ಮುಂದೆ ಕಂಡದ್ದನ್ನು ಕಂಡೂ ಅದಕ್ಕೆ ತಕ್ಕಂತೆ ಬದುಕುವುದು ಈ ವರ್ಷವೂ ಆಗಲಿಲ್ಲ. ಇನ್ನು ಬಿಲ್ಲು ಕಟ್ಟುವುದು, ಯಂತ್ರ ರಿಪೇರಿ ಮಾಡಿಸುವುದು, ಮಕ್ಕಳನ್ನು ಶಾಲೆಗೆ ಹೊರಡಿಸುವುದು. ಈ 'ಟೈಮ್ ಬೀಯಿಂಗ್' ಎಲ್ಲಕ್ಕಿಂತ ಕಷ್ಟದ ಕಾಲ ಎಂದು ನಿರೂಪಕ ಒಪ್ಪುತ್ತಾನೆ. ಸಂಕಟದಲ್ಲಿ ದೇವರು ನೆನಪಾಗುತ್ತಾನೆ, ಸಂಭ್ರಮದಲ್ಲೂ ನೆನಪಾಗಬಹುದು. ಜನವರಿಯ ಮೊದಲ ಸೋಮವಾರ ನೆನಪಾಗುವುದು ಕಷ್ಟ.

ಆಡೆನ್‌ನ ಶೀರ್ಷಿಕೆಯನ್ನು ಕನ್ನಡಕ್ಕೆ ತರುವುದಾದರೆ ನಾನು 'ಸದ್ಯಕ್ಕೆ' ಎಂದು ಬರೆಯುತ್ತೇನೆ. ಇಂಗ್ಲಿಷಿನಲ್ಲಿ ಇಲ್ಲದ ಒಂದು ಲಾಭ ಈ ಮಾತಿಗಿದೆ. ಸದ್ಯಕ್ಕೆ ಎಂದರೆ ತಾತ್ಕಾಲಿಕವಾಗಿ, ಈಗಿನ ಮಟ್ಟಿಗೆ. ಮಗು ಮೆಟ್ಟಿಲಿಂದ ಜಾರಿಯೂ ಪೆಟ್ಟಾಗದಿದ್ದಾಗ ನಮ್ಮ ಬಾಯಿಂದ ಹೊರಡುವುದೂ ಅದೇ ಮಾತು: ಸದ್ಯ! ಕೊನೆಯ ಬಸ್ಸು ಸಿಕ್ಕಿತಲ್ಲ, ಸದ್ಯ. ಯಾರಿಗೆ ಎಂದು ಹೆಸರಿಸದ, ಸಭ್ಯತೆಗಾಗಿ ಆಡದ, ಉಸಿರಿನ ಜೊತೆ ಬರುವ ಕೃತಜ್ಞತೆ ಅದು. ಅದರಲ್ಲಿ ಆಪತ್ತಿನ ನೆನಪೂ ಇದೆ, ನಾಳೆ ಮತ್ತೆ ಬರಬಹುದೆಂಬ ಅರಿವೂ ಇದೆ. ಎಲ್ಲವೂ ಸರಿಯಾಯಿತು ಎಂದು ಅದು ಹೇಳುವುದಿಲ್ಲ. ಈ ಹೊತ್ತು ದಾಟಿತು ಎನ್ನುತ್ತದೆ. ಕ್ರಿಸ್ಮಸ್ ಮುಗಿದ ಮರುದಿನದ ಆಡೆನ್ ಕೇಳುವ ನಂಬಿಕೆಯ ಅಳತೆಯೂ ಹೆಚ್ಚುಕಡಿಮ ಇಷ್ಟೇ.

ಈ ಭಾಗದಲ್ಲೊಂದು ಸೂಕ್ಷ್ಮ ಇದೆ. ನಾವು ನಾವು ಎನ್ನುತ್ತ ಬಂದ ನಿರೂಪಕ, ಅಡುಗೆಮನೆಯ ಮೇಜಿನ ಮಾತು ಬಂದಾಗ 'ನಾನು' ಎನ್ನುತ್ತಾನೆ. ಮೇಜು ಇದೆ ಎಂಬುದಕ್ಕೆ ಅವನು ಕೊಡುವ ಕಾರಣ ಅದನ್ನು ಉಜ್ಜುವ ಕೈ. ಹೆರೋದನ ಕಾರಣಗಳು, ಪತ್ರದ ಕಾರಣಗಳು ಆದ ಮೇಲೆ ಬರುವ ಈ ಕಾರಣ ಬಹಳ ಸಣ್ಣದು. ಲೋಕ ನಿಂತಿರುವುದು ಯಾರೋ ಅದನ್ನು ದಿನವೂ ಉಜ್ಜುತ್ತಿರುವುದರಿಂದ. ಆದರೆ ಆ 'ನಾನು' ಯಾರು? ಆಡೆನ್‌ನ ನಿರೂಪಕನಿಗೆ ಲಿಂಗವಿಲ್ಲ, ಮುಖವಿಲ್ಲ. ಅಟ್ಟವಿರುವ, ವಾರಕ್ಕಾಗುವಷ್ಟು ಊಟ ಮಿಗುವ ಮನೆಯವರು ಎಂಬುದಷ್ಟೇ ಗೊತ್ತು. ಅಲ್ಲಿ ಮೇಜು ಉಜ್ಜುವವರು ಮತ್ತು ಕವಿತೆ ಹೇಳುವವರು ಒಬ್ಬರೇ ಎಂದು ನನಗೆ ಪೂರ್ತಿ ನಂಬಿಕೆಯಿಲ್ಲ. ಉಜ್ಜುವವರ ಸೊಂಟನೋವು ಕವಿತೆಯ ಒಳಗೆ ಬಂದಿಲ್ಲ. ಆ ವಿಷಯದಲ್ಲಿ, ಹೆಸರು ಕೊಡದಿದ್ದರೂ ಒಬ್ಬ ಹೆಂಗಸಿಗೆ ಮೇಜಿನ ಮುಂದೆ ಸಿಟ್ಟಾಗಲು ಬಿಟ್ಟ ಡಿಕನ್ಸ್ ಒಂದು ಹೆಜ್ಜೆ ಮುಂದಿದ್ದಾನೆ. ಮನುಷ್ಯರ ಸಿಟ್ಟು ಡಿಕನ್ಸ್‌ಗೆ ಗೊತ್ತಿತ್ತು, ಅದರ ಜೊತೆ ಸ್ತೋತ್ರ ಹೇಗೆ ಬದುಕುತ್ತದೆ ಎಂಬುದು ಗೊತ್ತಿರಲಿಲ್ಲ. ಆಡೆನ್‌ಗೆ ಅದು ಗೊತ್ತಿತ್ತು. ಆದರೆ ಅವನು ಬರೆದದ್ದು ಪ್ರೇಮಿಯ ಸಿಟ್ಟನ್ನು, ಒಲೆಯ ಮುಂದೆ ಕೂತವಳದನ್ನಲ್ಲ.

ಕೃತಜ್ಞತೆಯನ್ನು ಕ್ರೈಸ್ತ ನಂಬಿಕೆಯ ಒಳಗಿನಿಂದ ಬರೆಯುವವರಿಗೆ ಇಲ್ಲಿ ಇನ್ನೂ ಕೆಲಸ ಉಳಿದಿದೆ. ಕನ್ನಡಕ್ಕಂತೂ ಹೆಚ್ಚೇ ಉಳಿದಿದೆ. ಗೋವಿಂದ ಪೈಯವರ 'ಗೊಲ್ಗೊಥಾ'ದಿಂದಾಗಿ ಕನ್ನಡ ಕಾವ್ಯಕ್ಕೆ ಶಿಲುಬೆಯ ಕ್ರಿಸ್ತ ಪರಿಚಿತ. ಹಬ್ಬದ ಹಿಂದಿನ ರಾತ್ರಿ ಹನ್ನೊಂದಕ್ಕೆ ಕೊನೆಯ ತಟ್ಟೆ ಜೋಡಿಸುವವರ ಸ್ತೋತ್ರ, ಅದರೊಳಗಿನ ನಿಂದೆಯ ಸಮೇತ, ಪುಸ್ತಕಗಳಲ್ಲಿ ನನಗೆ ಸಿಗುವುದು ಕಡಿಮೆ. ಅದು ಪ್ರಸಂಗದ ವೇದಿಕೆಯಿಂದ ಬರುವ ಆಜ್ಞೆಯಾಗಿ ಸಿಗುತ್ತದೆ, ಆಜ್ಞೆಯನ್ನು ಕೇಳಿಸಿಕೊಂಡವರ ಉತ್ತರವಾಗಿ ಸಿಗುವುದಿಲ್ಲ.

ನನ್ನ ಪ್ರಬಂಧಕ್ಕೆ ಕೃತಜ್ಞತೆಯ ಪುಟವನ್ನು ನಾನಿನ್ನೂ ಬರೆದಿಲ್ಲ. ಪದವಿಯ ಕ್ರಮದಲ್ಲಿ ಬರಬೇಕಾದ ಹೆಸರುಗಳು ಬರುತ್ತವೆ, ಅದರಿಂದ ಪಾರಾಗುವ ದಾರಿಯಿಲ್ಲ. ಆದರೆ ಪ್ರತಿ ಹೆಸರಿನ ಮುಂದೆ ಒಂದು ಕಾರಣ ಬರೆಯಬೇಕೆಂದಿದ್ದೇನೆ. ಕಾರಣ ಬರೆಯಲಾಗದ ಕಡೆ ಹೆಸರಷ್ಟೇ ನಿಲ್ಲಲಿ, ಓದುವವರಿಗೆ ಅರ್ಥವಾಗುತ್ತದೆ.